ತಟ್ಟೆಯ ತಳದ ಹೆಸರು

ಶಾಲೆಯ ರಂಗಮಂದಿರದ ಮೇಲೆ ಹಳೇ ಅಧ್ಯಕ್ಷ ಚನ್ನಿಗಪ್ಪನವರ ಹೆಸರು ದಪ್ಪಕ್ಷರದಲ್ಲಿತ್ತು. ಅದನ್ನು ಕಂಡಾಗಲೆಲ್ಲ ಪೋಷಕರ ಸಂಘದ ಹೊಸ ಅಧ್ಯಕ್ಷ ಬೋರೇಗೌಡರಿಗೆ ಹೊಟ್ಟೆ ಉರಿಯುತ್ತಿತ್ತು. ಈ ವರ್ಷ ಪೋಷಕರು ಕೂಡಿಸಿದ ದುಡ್ಡಲ್ಲಿ ತಮ್ಮ ಹೆಸರಿನ ಕಮಾನು ಕಟ್ಟಿಸಲು ಹೊರಟರು.

ಬಿಸಿಯೂಟದ ಅಡುಗೆಯವಳಿಗೆ ಬೇಕಾಗಿದ್ದದ್ದು ತಟ್ಟೆ. ಇದ್ದವು ಸಾಲದೆ ಅರ್ಧ ಮಕ್ಕಳು ಕಾಯುತ್ತ ಕೂರುತ್ತಿದ್ದರು.

"ಕಮಾನಿನ ಮೇಲೆ ಹೆಸರು ಒಂದೇ ಸಲ ಗೌಡ್ರೇ," ಎಂದಳು. "ಚನ್ನಿಗಪ್ಪನೋರದೂ ಒಂದೇ. ನೂರು ತಟ್ಟೆ ಕೊಡಿಸಿದರೆ ನೂರು ಸಲ ಕೆತ್ತಿಸಬಹುದು."

ಗೌಡರ ಮುಖ ಅರಳಿತು. ವಾರದೊಳಗೆ ತಟ್ಟೆಗಳು ಬಂದವು, ನಡುವೆ ಅವರ ಹೆಸರು. ಊಟದ ಹೊತ್ತಿಗೆ ನೋಡಲು ಬಂದರೆ ಬರೀ ಅನ್ನ ಕಂಡಿತು.

"ನನ್ನ ಹೆಸರೆಲ್ಲಮ್ಮ?"

"ಅನ್ನದ ಕೆಳಗಿದೆ. ಬರೀ ನೀರುಸಾರು ಅಂತ ಮಕ್ಕಳು ಅನ್ನ ಬಿಟ್ಟು ಅರ್ಧಕ್ಕೇ ಎದ್ದೋಗ್ತವೆ, ನಾನೇನು ಮಾಡಲಿ?"

ಮರುದಿನ ಗೌಡರ ತೋಟದಿಂದ ಮೂಟೆ ತರಕಾರಿ, ಹತ್ತು ತೆಂಗಿನಕಾಯಿ ಬಂದವು. ಮಕ್ಕಳು ತಟ್ಟೆ ನೆಕ್ಕಿದರು. ನೂರು ಹೆಸರು ಹೊಳೆದವು.

ಮೂರನೇ ದಿನ ಚನ್ನಿಗಪ್ಪ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು.

"ಲೋಟ ಯಾರ ಹೆಸರಲ್ಲಿದೆ?"

"ಇನ್ನೂ ಯಾರದೂ ಇಲ್ಲ ಬುದ್ಧಿ. ಆದರೆ ಖಾಲಿ ಲೋಟದ ತಳವನ್ನು ಮಕ್ಕಳು ಯಾಕೆ ನೋಡ್ತವೆ? ಮಜ್ಜಿಗೆ ಬೇಕಾಗುತ್ತೆ."