ಒಣಗದ ಅಚ್ಚು

ಹೊಳೆಯ ದಡದಲ್ಲಿ ಒಂದು ಆಶ್ರಮ. ಅಲ್ಲಿ ಜಪತಪಕ್ಕಿಂತ ಗಂಟೆ ಎರಕ ಹೊಯ್ಯುವ ಕೆಲಸವೇ ಹೆಚ್ಚು. ಸುತ್ತಲ ಸೀಮೆಯ ಗುಡಿಗಳಿಗೆಲ್ಲ ಗಂಟೆ ಹೋಗುತ್ತಿದ್ದುದು ಅಲ್ಲಿಂದಲೇ.

ದಡದುದ್ದಕ್ಕೂ ಮೂರು ಎರಕದ ಮನೆಗಳು. ಮೇಲಿನದು, ನಡುವಿನದು, ಕೆಳಗಿನದು. ಮೂರಕ್ಕೂ ಗುರು ಒಬ್ಬರೇ, ಕಾಳಾಚಾರ್ಯರು. ಮಣ್ಣೂ ಒಂದೇ, ತಾಮ್ರವೂ ಒಂದೇ. ಆದರೂ ಒಂದು ಮನೆಯವರು ಇನ್ನೊಂದು ಮನೆಯ ಹೊಸ್ತಿಲು ತುಳಿಯುತ್ತಿರಲಿಲ್ಲ.

ಗಂಟೆ ಸೀಳು ಬಿಟ್ಟರೆ, ಬೇರೆ ಮನೆಯವರ ಕಣ್ಣಿಗೆ ಬೀಳುವ ಮೊದಲೇ ಚೂರು ಮಾಡಿ ಲೋಹ ಕರಗಿಸುವ ಮೂಸೆಗೆ ಹಾಕಿಬಿಡುವುದು ಅಲ್ಲಿನ ರೂಢಿ. ಮಾನದ ಪ್ರಶ್ನೆ ನೋಡಿ. ಹೀಗಾಗಿ ಒಂದೇ ತಪ್ಪನ್ನು ಮೂರು ಮನೆಯವರೂ ಬೇರೆ ಬೇರೆಯಾಗಿ ಮಾಡುತ್ತಿದ್ದರು.

ಒಂದು ಬೆಳಿಗ್ಗೆ ಮೇಲಿನ ಮನೆಯ ದೇವಣ ಗುರುಗಳ ಮುಂದೆ ಬಂದು ನಿಂತ. ಹಿಂದಿನ ದಿನ ಕೆಳಗಿನ ಮನೆಯಲ್ಲಿ ಎರಕ ಹೊಯ್ಯುವಾಗ ಅಚ್ಚು ಸಿಡಿದು ಅಲ್ಲಿನ ಶಿಷ್ಯ ಸೋಮಯ್ಯನ ಎರಡೂ ಕಣ್ಣು ಹೋಗಿದ್ದವು.

“ಅಚ್ಚು ಯಾಕೆ ಸಿಡೀತು ಅಂತ ನನಗೆ ಗೊತ್ತು, ಗುರುಗಳೇ.”

“ಹೇಳು.”

“ಈ ಸಲ ಪ್ರವಾಹ ತಂದ ಮಣ್ಣಲ್ಲಿ ಮಾಡಿದ ಅಚ್ಚು ಮೇಲೆ ಒಣಗಿದ ಹಾಗೆ ಕಾಣುತ್ತೆ. ಒಳಗೆ ಹಸಿ ಉಳಿದಿರುತ್ತೆ. ಕರಗಿದ ಕಂಚು ಬಿದ್ದರೆ ಆ ಹಸಿ ಆವಿಯಾಗಿ ಸಿಡಿಯುತ್ತೆ.”

“ಹಸಿ ಇದೆ ಅಂತ ಹೇಗೆ ತಿಳಿಯೋದು?”

“ಅಚ್ಚು ಕಾಯಿಸುವಾಗ ಅದರ ಬಾಯಿಗೆ ಒಂದು ತಣ್ಣನೆ ತಟ್ಟೆ ಹಿಡಿಯಬೇಕು. ತಟ್ಟೆ ಬೆವರಿದರೆ ಇನ್ನೂ ಹಸಿ ಇದೆ ಅಂತ. ಬೆವರೋದು ನಿಲ್ಲೋವರೆಗೂ ಕಾಯಿಸಬೇಕು.”

“ಇದನ್ನ ಯಾವಾಗ ಕಂಡುಕೊಂಡೆ?”

“ಮೂರು ತಿಂಗಳಾಯ್ತು.”

ದೇವಣ ತಲೆ ತಗ್ಗಿಸಿಕೊಂಡು ಮುಂದುವರಿಸಿದ.

“ನನ್ನ ಗಂಟೆಗಳು ಮಾತ್ರ ಸೀಳಿಲ್ಲದೆ ಬರ್ತಿದ್ದವು. ನೀವು ಎಲ್ಲರ ಮುಂದೆ ಹೊಗಳಿದಿರಿ. ಹೇಳಿಬಿಟ್ಟರೆ ನಾನೂ ಹತ್ತರಲ್ಲಿ ಒಬ್ಬನಾಗಿಬಿಡ್ತೀನಿ ಅನ್ನಿಸ್ತು. ಕೇಳಿದರೆ ಹೇಳೋಣ ಅಂತ ಸುಮ್ಮನಿದ್ದೆ. ಯಾರೂ ಕೇಳಲಿಲ್ಲ.”

ಗುರುಗಳು ಊರುಗೋಲು ಹಿಡಿದು ಎದ್ದರು.

“ನನಗೆ ಹೇಳಿದ್ದನ್ನ ಸೋಮಯ್ಯನಿಗೆ ಹೇಳು, ಬಾ.”

ಸೋಮಯ್ಯ ಚಾಪೆಯ ಮೇಲೆ ಮಲಗಿದ್ದ. ಕಣ್ಣಿಗೆ ಬಟ್ಟೆ ಕಟ್ಟಿತ್ತು. ಪಕ್ಕದಲ್ಲಿ ಗಂಜಿ ಹಾಗೇ ಆರಿಹೋಗಿತ್ತು.

“ಯಾರು?”

“ನಾನು, ದೇವಣ.”

“ಮೇಲಿನ ಮನೆಯವನು ಇಲ್ಲಿಗೆ ಬಂದೆಯಲ್ಲಪ್ಪ,” ಎಂದು ಸೋಮಯ್ಯ ನಗಲು ನೋಡಿದ. ಸುಟ್ಟ ಕೆನ್ನೆ ನಗಗೊಡಲಿಲ್ಲ.

ದೇವಣ ಎಲ್ಲವನ್ನೂ ಹೇಳಿದ. ಮೂರು ತಿಂಗಳು ಬಾಯಿ ಬಿಡದೆ ಇದ್ದದ್ದನ್ನೂ ಹೇಳಿದ. ಸೋಮಯ್ಯ ದನಿ ಬಂದ ಕಡೆ ಮುಖ ತಿರುಗಿಸಿದ.

“ಎಂಥ ತಟ್ಟೆ ಅದು?”

“ಯಾವುದಾದರೂ ಆಗುತ್ತೆ. ಊಟದ ತಟ್ಟೆಯಾದರೂ ಸಾಕು.”

ಸೋಮಯ್ಯ ಚಾಪೆಯ ಪಕ್ಕ ತಡಕಾಡಿದ. ಗಂಜಿಯ ತಟ್ಟೆ ಕೈಗೆ ಸಿಕ್ಕಿತು. ಅದರ ಅಂಚನ್ನು ಬೆರಳಿಂದ ಸವರಿದ.

“ಇಂಥದ್ದಾ?”

“ಹೌದು.”

“ಅಷ್ಟೇನಾ?”



ಗುರುಗಳೂ ದೇವಣನೂ ಹೊರಗೆ ಬಂದು ದಡದ ಹಾದಿ ಹಿಡಿದರು. ಸ್ವಲ್ಪ ದೂರ ನಡೆದ ಮೇಲೆ ಗುರುಗಳು ಕೇಳಿದರು.

“ನನ್ನ ಕೋಣೆಯ ಗೋಡೆಗೂಡಿನಲ್ಲಿ ಒಂದು ತಟ್ಟೆ ಇದೆಯಲ್ಲ, ನೋಡಿದ್ದೀಯಾ?”

“ದಿನಾ ಒರೆಸಿಡ್ತೀನಲ್ಲ. ತಳ ಕಪ್ಪಾಗಿದೆ. ನೀವು ಅದರಲ್ಲಿ ಊಟ ಮಾಡಿದ್ದು ಮಾತ್ರ ನೋಡಿಲ್ಲ.”

“ಅದು ಊಟದ್ದಲ್ಲ.”

ದೇವಣ ನಿಂತುಬಿಟ್ಟ.

“ನಿಮಗೆ ಗೊತ್ತಿತ್ತಾ, ಗುರುಗಳೇ?”

“ನಲವತ್ತು ವರ್ಷದ ಹಿಂದೆಯೂ ಇಂಥದ್ದೇ ಪ್ರವಾಹ, ಇಂಥದ್ದೇ ಮಣ್ಣು. ನನ್ನ ಗುರುಗಳು ನನಗೆ ಹೇಳಿಕೊಡಲಿಲ್ಲ, ನಾನೇ ಕಂಡುಕೊಂಡೆ. ಅದೊಂದು ದೊಡ್ಡ ಹೆಮ್ಮೆ ನನಗೆ. ಶಿಷ್ಯರೂ ತಮ್ಮ ಪಾಡಿಗೆ ಕಂಡುಕೊಳ್ಳಲಿ, ಆಗಲೇ ಕೆಲಸ ಬರೋದು ಅಂತ ಬಾಯಿ ಮುಚ್ಚಿಕೊಂಡಿದ್ದೆ. ಆಮೇಲೆ ಮಣ್ಣು ಸರಿಹೋಯ್ತು, ನನಗೂ ಮರೆತೇ ಹೋಯ್ತು.”



“ಸೋಮಯ್ಯನ ಒಂದು ಕಣ್ಣು ನೀನು ಕಿತ್ತೆ. ಇನ್ನೊಂದು ನಾನು.”

ದೇವಣ ಹಾದಿಯಲ್ಲೇ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತ. ಗುರುಗಳ ಮುಂದೆ ಎರಡೂ ಕೈ ಚಾಚಿದ.

“ಶಿಕ್ಷೆ ಕೊಡಿ, ಗುರುಗಳೇ. ಈ ಕೈ ಇನ್ನು ಎರಕ ಮುಟ್ಟಬಾರದು ಅನ್ನಿ. ಸಾಯೋವರೆಗೂ ಮುಟ್ಟಲ್ಲ.”

ಗುರುಗಳು ಅವನ ಕೈ ನೋಡಲಿಲ್ಲ. ಅವರು ಹೊಳೆಯ ತಿರುವಿನ ಕಡೆ ನೋಡುತ್ತಿದ್ದರು. ಅಲ್ಲಿ ನಡುವಿನ ಮನೆಯ ಸೂರಿನಿಂದ ಆಗಷ್ಟೇ ಹೊಗೆ ಏಳತೊಡಗಿತ್ತು.

“ಅವರು ಕುಲುಮೆ ಹೊತ್ತಿಸಿದ್ದಾರೆ. ತಾಮ್ರ ಕರಗೋಕೆ ಇನ್ನೂ ಸ್ವಲ್ಪ ಹೊತ್ತು ಬೇಕು. ಆಮೇಲೆ ಕೂತು ಇಬ್ಬರೂ ಅಳೋಣ. ನನ್ನ ಕಾಲಿಗೆ ಓಡೋಕಾಗಲ್ಲ ಕಣಪ್ಪ, ನೀನು ಏಳು.”