ಕರಿಹಲಗೆಯ ಆನೆ

ನಂಬಿದರೆ ನಂಬಿ. ಇಂಗ್ಲಿಷ್ ಕ್ಲಾಸಿನ ಕರಿಹಲಗೆ ಮೇಲೆ ಎಲಿಫೆಂಟ್ ಅನ್ನೋ ಪದ ದಿ, ವೆರಿ, ಬಿಗ್, ಬ್ಲ್ಯಾಕ್ ಎಂಬ ಭಟರನ್ನು ಮುಂದಿಟ್ಟುಕೊಂಡು ಹಲಗೆಯುದ್ದಕ್ಕೂ ಮೆರೆಯುತ್ತಿತ್ತು. ಮೂಲೆಯಲ್ಲಿ ಫೆಲ್, ಅಂದರೆ ‘ಬಿದ್ದಿತು’ ಎಂಬ ಪುಟ್ಟ ಕ್ರಿಯಾಪದ ನಿಂತಿತ್ತು.

“ದೂರ ನಿಲ್ಲೋ, ಚೋಟುದ್ದದವನೆ!” ಎಂದಿತು ಎಲಿಫೆಂಟ್.

ಅಷ್ಟರಲ್ಲಿ ಡಸ್ಟರ್ ಬಂತು. “ಮೇಷ್ಟ್ರ ಅಪ್ಪಣೆ. ಪೂರ್ತಿ ವಾಕ್ಯ ಉಳಿಯುತ್ತೆ, ಬರೀ ಪದಪುಂಜ ಅಳಿಯುತ್ತೆ. ಆನೆ ಏನು ಮಾಡಿತಯ್ಯಾ?”

“ಬಹಳ ದೊಡ್ಡದು, ಕಪ್ಪನೆಯದು...”

“ಅದು ಗೊತ್ತು. ಮಾಡಿದ್ದೇನು?”

ಡಸ್ಟರ್ ‘ದಿ’ಯ ನೆತ್ತಿಗೇ ಬಂತು. ಎಲಿಫೆಂಟ್ ಮೂಲೆಗೆ ತಿರುಗಿ ಪಿಸುಗುಟ್ಟಿತು, “ಗೆದ್ದಿತು, ಹಾರಿತು ಅನ್ನೋರು ಯಾರೂ ಇಲ್ಲವೇನಪ್ಪಾ?”

“ಇರೋನು ನಾನೊಬ್ಬನೇ ಸ್ವಾಮಿ,” ಎಂದಿತು ಫೆಲ್.

“ಹಾಗಾದರೆ ಬಾ, ನಾನು ಬಿದ್ದೆ ಅಂತಲೇ ಹೇಳು.”

ಫೆಲ್ ಬಂದು ಪಕ್ಕದಲ್ಲಿ ನಿಂತಿತು. ಡಸ್ಟರ್ ಹಿಂದೆ ಸರಿಯಿತು.

ಮರುದಿನ ಮಕ್ಕಳೆಲ್ಲ ಆನೆ ಬಿದ್ದ ಸುದ್ದಿ ಓದಿ ಬಿದ್ದು ಬಿದ್ದು ನಕ್ಕರು. ಆ ನಗು ಕೇಳೋದಕ್ಕೆ ಎಲಿಫೆಂಟ್ ಅಲ್ಲೇ ಇತ್ತು.