ಪಂಡಿತನ ದವಡೆ ಜಾರಿದ್ದು

ಹತ್ತಿರ ಬಂದು ಕೂತುಕೊಳ್ಳಿ, ಹೇಳ್ತೀನಿ. ಒಂದು ರಾಜ್ಯದಲ್ಲಿ ಒಬ್ಬ ರಾಣಿ ಬಡವರಿಗಾಗಿ ಧರ್ಮದ ವೈದ್ಯಶಾಲೆ ಕಟ್ಟಿಸಿದ್ದಳು. ಅಲ್ಲಿ ಯಾರೂ ಸಂಬಳಕ್ಕೆ ದುಡಿಯುತ್ತಿರಲಿಲ್ಲ. ಜನರ ನೋವು ಕಳೆದರೆ ಸಾಕು ಅಂತ ದುಡಿಯುತ್ತಿದ್ದರು.

ಅವರಿಗೆಲ್ಲ ಹಿರಿಯ ಸೋಮಶಂಭು ಪಂಡಿತ. ಕೈಗುಣ ಒಳ್ಳೇದು, ಆದರೆ ವಿದ್ಯೆಯಲ್ಲಿ ಮಹಾ ಜಿಪುಣ.

ಕಷಾಯ ಕಾಸುವ ಬಸವಂತ ಕೇಳಿದ: "ಇದು ಯಾವ ಬೇರು, ಪಂಡಿತರೇ?"

"ನಿನಗ್ಯಾಕೆ?"

ಪಟ್ಟಿ ಕಟ್ಟುವ ಈರಣ್ಣ ಕೇಳಿದ: "ಈ ಎಣ್ಣೆ ಹೇಗೆ ಮಾಡ್ತೀರಿ?"

"ನಿನಗ್ಯಾಕೆ?"

ಮದ್ದು ಅರೆಯುವ ಕೆಂಚಮ್ಮ ಕೇಳಿದಳು: "ಜಾರಿದ ದವಡೆ ಹೇಗೆ ಕೂರಿಸ್ತೀರಿ?"

ಪಂಡಿತ ಕೋಣೆಯ ಬಾಗಿಲನ್ನೇ ಹಾಕಿಕೊಂಡ.

ಬರಬರುತ್ತಾ ಉಳಿದವರಿಗೂ ಅದೇ ಚಾಳಿ ಬಂತು. ಬಸವಂತ ಕಷಾಯದ ಗುಟ್ಟು ಬಿಡಲಿಲ್ಲ, ಈರಣ್ಣ ಪಟ್ಟಿಯ ಗುಟ್ಟು ಬಿಡಲಿಲ್ಲ.

ಒಮ್ಮೆ ಪಂಡಿತ ನೆಂಟರ ಮದುವೆಗೆ ಹೋದ. ಅದೇ ಹೊತ್ತಿಗೆ ಒಬ್ಬ ಕುಂಬಾರ ಹೆಂಗಸು ಬಂದಳು. ಆಕಳಿಸುವಾಗ ದವಡೆ ಜಾರಿ, ತೆರೆದ ಬಾಯಿ ಮುಚ್ಚುತ್ತಿಲ್ಲ. ಒಂದು ದಿನ ಆಯಿತು, ಎರಡು ದಿನ ಆಯಿತು, ಮೂರು ದಿನ ಆಯಿತು. ಕೆಂಚಮ್ಮ ಹನಿ ಹನಿಯಾಗಿ ಗಂಜಿ ಬಿಟ್ಟು ಜೀವ ಉಳಿಸಿದಳು. ಪಂಡಿತ ಬಂದು, ಬಾಗಿಲು ಹಾಕಿಕೊಂಡು, ಒಂದೇ ಗಳಿಗೆಯಲ್ಲಿ ದವಡೆ ಕೂರಿಸಿದ.

"ಗಳಿಗೆಯ ಕೆಲಸಕ್ಕೆ ಆಕೆಯನ್ನು ಮೂರು ದಿನ ಅಳಿಸಿದೆವಲ್ಲ," ಅಂತ ಕೆಂಚಮ್ಮ ನೊಂದುಕೊಂಡಳು.

ಎಂಟು ದಿನ ಕಳೆದಿರಲಿಲ್ಲ. ಪಂಡಿತ ಹೋಳಿಗೆ ಉಂಡು ದೊಡ್ಡದಾಗಿ ಆಕಳಿಸಿದ. ಟಕ್ ಅಂತು. ಬಾಯಿ ತೆರೆದದ್ದು ತೆರೆದಂತೆಯೇ ನಿಂತಿತು. "ಆ... ಆ..." ಅನ್ನುತ್ತಾ ಕೆಂಚಮ್ಮನನ್ನು ಕೋಣೆಗೆ ಕರೆದು, ಬಾಗಿಲು ಹಾಕು ಅಂತ ಸನ್ನೆ ಮಾಡಿದ.

"ಒಳಗೆ ಕತ್ತಲೆ ಪಂಡಿತರೇ, ನನಗೆ ಕಣ್ಣು ಮಂಜು. ಅಂಗಳಕ್ಕೆ ಬನ್ನಿ," ಅಂದಳು ಕೆಂಚಮ್ಮ. ಅಂಗಳದಲ್ಲಿ ಎಲ್ಲರನ್ನೂ ಕೂಗಿ ಕರೆದಳು. "ಬಸವಂತ ತಪ್ಪಿದರೆ ಈರಣ್ಣ, ಈರಣ್ಣ ತಪ್ಪಿದರೆ ನಾನು. ಮೂವರಿಗೂ ತೋರಿಸಿಕೊಡಿ."

ಪಂಡಿತ ಬೇರೆ ದಾರಿ ಕಾಣದೆ ಸನ್ನೆಯಲ್ಲೇ ಕಲಿಸಿದ: ಹೆಬ್ಬೆರಳಿಗೆ ಬಟ್ಟೆ ಸುತ್ತು, ಹಿಂದಿನ ಹಲ್ಲಿನ ಮೇಲೆ ಇಡು, ಕೆಳಕ್ಕೆ ಒತ್ತು, ಹಿಂದಕ್ಕೆ ತಳ್ಳು. ಬಸವಂತ ಒತ್ತಿದ, ಕೂರಲಿಲ್ಲ. ಈರಣ್ಣ ಒತ್ತಿದ, ಕೂರಲಿಲ್ಲ. ಮದ್ದು ಅರೆದು ಗಟ್ಟಿಯಾದ ಕೈಯಿಂದ ಕೆಂಚಮ್ಮ ಒತ್ತಿದಳು, ಕೂತಿತು.

"ಎಲ್ಲರೂ ಕಲಿತುಬಿಟ್ಟಿರಲ್ಲ," ಅಂತ ಪಂಡಿತ ಗೊಣಗಿದ.

"ನಾವು ಕಲಿತದ್ದಕ್ಕೇ ನೀವು ಇವತ್ತು ರಾತ್ರಿ ಉಣ್ಣೋದು," ಅಂದಳು ಕೆಂಚಮ್ಮ.

ಪಂಡಿತನಿಗೆ ನಾಚಿಕೆಯೂ ಬಂತು, ನಗುವೂ ಬಂತು. ದವಡೆ ಹಿಡಿದುಕೊಂಡೇ ನಕ್ಕ. ಮರುದಿನದಿಂದ ಬೆಳಗ್ಗೆ ಎಲ್ಲರೂ ಒಟ್ಟಿಗೆ ಕೂತು ತಮಗೆ ಗೊತ್ತಿದ್ದನ್ನು ಹೇಳತೊಡಗಿದರು. ಮೊದಲು ಬಾಯಿ ಬಿಟ್ಟವನು ಪಂಡಿತನೇ. ಆಮೇಲೆ ಆ ಬಾಗಿಲಿಗೆ ಬಂದ ರೋಗಿ ಯಾರಿಗಾಗಿಯೂ ಕಾಯಬೇಕಾಗಲಿಲ್ಲ.

ನೀತಿ ಇಷ್ಟೇ ಮಕ್ಕಳೇ: ಸೇವೆಯ ಮನೆಯಲ್ಲಿ ಹಿರಿಯರು ಮುಚ್ಚಿಟ್ಟರೆ ಕಿರಿಯರೂ ಮುಚ್ಚಿಡುತ್ತಾರೆ, ನೋವು ತಿನ್ನುವುದು ಬಡವರು. ಹಿರಿಯರು ಹೇಳಿಕೊಟ್ಟರೆ ಎಲ್ಲರೂ ಹೇಳಿಕೊಡುತ್ತಾರೆ.